ಮೊಟ್ಟೆಗೆ ಬಣ್ಣ ಹಿಡಿಯದಿದ್ದರೆ ವಿನೆಗರ್ ಹಾಕಿ ನೋಡಿ

ನಾವಿರುವುದು ಗೋವಾದ ವಾಸ್ಕೋದಲ್ಲಿ. ಈಸ್ಟರ್ ರಜೆಗೆ ಮಕ್ಕಳನ್ನು ಕೂರಿಸಿಕೊಂಡು ಬೇಯಿಸಿದ ಮೊಟ್ಟೆಗಳನ್ನು ಬಣ್ಣದ ನೀರಲ್ಲಿ ಅದ್ದಿದರೆ ಬಣ್ಣ ಅಲ್ಲಲ್ಲಿ ಮಾತ್ರ ಹಿಡಿಯುತ್ತಿತ್ತು, ಒರೆಸಿದರೆ ಬಟ್ಟೆಗೇ ಬರುತ್ತಿತ್ತು. ಚಿಕ್ಕವಳ ಮುಖ ಸಪ್ಪಗಾಯಿತು.

ಸರಿಹೋಗಿದ್ದು ವಿನೆಗರ್‌ನಿಂದ. ಒಂದು ಕಪ್ ಬಿಸಿನೀರು, ಒಂದು ಟೀ ಚಮಚ ವಿನೆಗರ್, 10–20 ಹನಿ ಫುಡ್ ಕಲರ್. ಹುಳಿ ನೀರಲ್ಲಿ ಬಣ್ಣ ಚಿಪ್ಪಿನ ಮೇಲಿನ ತೆಳು ಪೊರೆಗೆ ಗಟ್ಟಿಯಾಗಿ ಅಂಟುತ್ತದೆ. ಹಾಗಂತ ವಿನೆಗರ್ ಜಾಸ್ತಿ ಸುರಿಯಬೇಡಿ, ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ವಾ, ಹುಳಿ ಅದನ್ನು ಕರಗಿಸುತ್ತದೆ. ಗೋವಾದಲ್ಲಿ ತೆಂಗಿನ ಕಳ್ಳಿನ ವಿನೆಗರ್ ಸುಲಭವಾಗಿ ಸಿಗುತ್ತದೆ, ಅದೂ ಆಗುತ್ತದೆ. ಅದ್ದುವ ಮೊದಲು ಮೊಟ್ಟೆಯ ಜಿಡ್ಡು ತೊಳೆಯಿರಿ. ಬಿಸಿನೀರು ದೊಡ್ಡವರೇ ಸುರಿಯಲಿ, ಆರಿದ ಮೇಲೆ ಮಕ್ಕಳ ಕೈಗೆ ಕೊಡಿ.

ಮಕ್ಕಳಿಗೆ ತುಂಬಾ ಹಿಡಿಸಿದ್ದು ಮೇಣದ ಕ್ರೇಯಾನ್. ಬಿಳಿ ಕ್ರೇಯಾನ್‌ನಲ್ಲಿ ಹೂವೋ ಹೆಸರೋ ಬರೆದು ಅದ್ದಿದರೆ ಆ ಗೆರೆ ಮಾತ್ರ ಬಿಳಿಯಾಗೇ ಉಳಿಯುತ್ತದೆ! ಫುಡ್ ಕಲರ್ ಬೇಡವೆನ್ನುವವರು ಈರುಳ್ಳಿ ಸಿಪ್ಪೆ ಕುದಿಸಿದ ನೀರು ಬಳಸಿ, ಚೆಂದದ ಇಟ್ಟಿಗೆ ಬಣ್ಣ ಬರುತ್ತದೆ. ಹಳದಿಗೆ ಅರಿಶಿನ ಸಾಕು.

ಆಮೇಲೆ ತಿನ್ನುವುದಾದರೆ ಮೊಟ್ಟೆಗಳನ್ನು ಬೇಗ ಫ್ರಿಜ್‌ಗೆ ಸೇರಿಸಿ. ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ.