ಜ್ವರ ಬಂದದ್ದು ಯಾವತ್ತು?

ಸಾಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಅಡಿಕೆ ಸುಲಿತ ಶುರುವಾಗುವ ಹೊತ್ತಿಗೇ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲವೂ ಶುರುವಾಗುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್‌ನಿಂದ ಬರುವ ಕಾಯಿಲೆ ಅದು. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೆ ತರಗೆಲೆ ಗುಡಿಸಲು ಹೋದವರಿಗೆ ಈ ವೈರಸ್ ಹರಡುವ ಉಣುಗು (ಉಣ್ಣೆ) ಕಚ್ಚುತ್ತದೆ. ಎಳೆಯ ಉಣುಗು ಎಷ್ಟು ಸಣ್ಣದೆಂದರೆ ಕಚ್ಚಿದ್ದೇ ಅನೇಕರಿಗೆ ತಿಳಿಯುವುದಿಲ್ಲ. ಹಾಗಾಗಿ ಉಣುಗು ಕಚ್ಚಿತ್ತೇ ಎನ್ನುವುದಕ್ಕಿಂತ ಬೆಟ್ಟಕ್ಕೆ ಹೋಗಿದ್ದಿರೇ ಎಂದೇ ಕೇಳುತ್ತೇನೆ.

ರಕ್ತ ತೆಗೆಯುವುದು ಕಷ್ಟವಲ್ಲ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿ ದ್ರವವನ್ನು, ಅಂದರೆ ಸೀರಮ್ ಅನ್ನು ಬೇರ್ಪಡಿಸಿ, ಮೂರು ಪದರದ ಪ್ಯಾಕಿಂಗ್ ಮಾಡಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಬೇರ್ಪಡಿಸದ ರಕ್ತವನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಿದರೆ ರಕ್ತಕಣ ಒಡೆದು ಸೀರಮ್ ಕೆಂಪಾಗುತ್ತದೆ, ಮಾದರಿ ಕೆಡುತ್ತದೆ.

ಕಷ್ಟವಿರುವುದು ಮಾದರಿಯ ಜೊತೆ ಕಳುಹಿಸುವ ಅರ್ಜಿಯಲ್ಲಿ ಜ್ವರ ಶುರುವಾದ ದಿನಾಂಕ ತುಂಬುವುದರಲ್ಲಿ. ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲಿ ಇರುತ್ತದೆ, ವೈರಸ್‌ನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ಸುಮಾರು ಐದನೇ ದಿನದಿಂದ ವೈರಸ್ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯ ಕಾಣತೊಡಗುತ್ತದೆ, ಅದನ್ನು ಹಿಡಿಯಲು ಎಲೈಸಾ ಎಂಬ ಇನ್ನೊಂದು ಪರೀಕ್ಷೆ ಬೇಕು. ದಿನ ತಪ್ಪಿದರೆ ಪರೀಕ್ಷೆಯೂ ತಪ್ಪುತ್ತದೆ.

ಇದನ್ನು ನಾನು ಕಲಿತದ್ದು ಒಬ್ಬ ಕೂಲಿಕಾರರಿಂದ. ಎಷ್ಟು ದಿನದಿಂದ ಜ್ವರ ಎಂದು ಕೇಳಿದೆ. "ಎರಡು ದಿನ ಆಯಿತು ಸರ್" ಎಂದರು. ಅದನ್ನೇ ಬರೆದೆ. ಪಿಸಿಆರ್ ನೆಗೆಟಿವ್ ಬಂತು. ತಲೆನೋವು ಮಾತ್ರ ಇಳಿಯಲಿಲ್ಲ, ಕೈ ನಡುಗುತ್ತಿತ್ತು. ಜೊತೆಗೆ ಬಂದಿದ್ದ ಹೆಂಡತಿ, "ಸುಲಿತಕ್ಕೆ ಕೂರಲೇ ಆಗಿರಲಿಲ್ಲ ಇವರಿಗೆ, ಆಗಲೂ ಮೈ ಸುಡುತ್ತಿತ್ತು" ಎಂದಾಗ ಎದೆ ಧಸಕ್ಕೆಂದಿತು. ಲೆಕ್ಕ ಹಾಕಿದರೆ ಮೊದಲ ಜ್ವರ ಬಂದು ಹದಿನೆಂಟು ದಿನ ಕಳೆದಿತ್ತು. ಆ ಜ್ವರ ಬಿಟ್ಟು, ಒಂದು ವಾರ ಆರಾಮಾಗಿದ್ದು, ಈಗ ಮರಳಿತ್ತು. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಹೀಗೆ ಎರಡನೇ ಸುತ್ತು ಬರುತ್ತದೆ, ಮಿದುಳಿಗೂ ತಟ್ಟುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಸಿಗುವುದು ಅಪರೂಪ. ಎರಡನೇ ಮಾದರಿಯಲ್ಲಿ ಐಜಿಎಂ ಪಾಸಿಟಿವ್ ಬಂತು. ಅಷ್ಟರೊಳಗೆ ವೈದ್ಯರು ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದ್ದರಿಂದ ಬದುಕಿಕೊಂಡರು. ಅವರು ಸುಳ್ಳು ಹೇಳಿರಲಿಲ್ಲ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ಈಗ ದಿನಗಳ ಲೆಕ್ಕ ಕೇಳುವುದಿಲ್ಲ. ಕಳೆದ ಸಂತೆಗೆ ಹೋಗಿದ್ದಿರೇ, ಅಮಾವಾಸ್ಯೆಯ ದಿನ ಕೆಲಸಕ್ಕೆ ಇಳಿದಿದ್ದಿರೇ, ಅದಕ್ಕೂ ಮುಂಚೆ ಒಮ್ಮೆ ಮಲಗಿದ್ದಿರೇ ಎಂದು ಕೇಳುತ್ತೇನೆ. ಮನೆಯವರನ್ನೂ ಕೇಳುತ್ತೇನೆ, ಅವರ ನೆನಪು ಹೆಚ್ಚು ಗಟ್ಟಿ. ಹಿಂದೆ ಜ್ವರ ಬಂದಿದ್ದರೆ ಎರಡೂ ದಿನಾಂಕಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಎರಡೂ ಪರೀಕ್ಷೆ ಮಾಡಿ ಎಂದು ಪ್ರಯೋಗಾಲಯಕ್ಕೆ ಫೋನ್ ಮಾಡಿ ಹೇಳಿದ ಮೇಲೆಯೇ ಪೆಟ್ಟಿಗೆ ಮುಚ್ಚುತ್ತೇನೆ.