ಬಾಟಲಿಯಲ್ಲಿ ಬಂದ ಬೇರು

ಅಪ್ಪ ತೀರಿಕೊಂಡ ಮೇಲೆ ಎರಡು ತಿಂಗಳು ನಾನು ದಾಲ್ ಮಿಲ್ಲಿನ ಲೆಕ್ಕ ಬರೆಯೋ ಕೆಲಸಕ್ಕೆ ಹೋಗಲಿಲ್ಲ. ಕಲಬುರಗಿ ಬಿಸಿಲಿಗೆ ಸುಸ್ತಾಗಿ ಮಲಗಿದ್ದಾನೆ ಅಂತ ಮನೆಯವರು ಅಂದುಕೊಂಡಿದ್ದರು. ಡಾಕ್ಟರು ಖಿನ್ನತೆ ಅಂದರು, ಮಾತ್ರೆ ಬರೆದರು. ಗುಣ ಕಾಣೋಕೆ ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ ಅಂದರು. "ಮನಸ್ಸು ಬಂದ ಮ್ಯಾಲೆ ಮಾಡ್ತೀನಿ ಅನ್ನಬ್ಯಾಡ್ರಿ. ದಿನಾ ಒಂದು ಸಣ್ಣ ಕೆಲಸ ಮಾಡ್ರಿ, ಮನಸ್ಸು ಹಿಂದಿಂದ ಬರ್ತದ."

ಆ ಸಣ್ಣ ಕೆಲಸ ತಂದುಕೊಟ್ಟವರು ನಮ್ಮ ವೈನಿ. ಗಾಜಿನ ಬಾಟಲಿಯಲ್ಲಿ ಮನಿ ಪ್ಲಾಂಟಿನ ಒಂದು ತುಂಡು ಇಟ್ಟು, "ವಾರಕ್ಕೊಮ್ಮೆ ನೀರ್ ಬದಲ್ ಮಾಡು, ಅಷ್ಟ ಸಾಕು" ಅಂದರು. ಹಾಸಿಗೆ ಪಕ್ಕದ ಕಿಟಕಿಯಲ್ಲಿತ್ತು, ಸುಮ್ನೆ ನೋಡುತ್ತಿದ್ದೆ. ಹತ್ತು ಹನ್ನೆರಡು ದಿನಕ್ಕೆ ಗೆಣ್ಣಿನ ಮೇಲಿದ್ದ ಕಂದು ಗುಬುಟಿನಿಂದ ಬಿಳಿ ಮೊನೆ ಹೊರಗೆ ಬಂತು. ಇನ್ನೊಂದು ವಾರಕ್ಕೆ ಶಾವಿಗೆ ಎಳೆಯ ಹಾಗೆ ಇಳಿಬಿತ್ತು. ಬೆಳಗ್ಗೆ ಎದ್ದು ಕೂತು ಎಷ್ಟುದ್ದ ಆಯ್ತು ಅಂತ ನೋಡೋದು ಶುರುವಾಯಿತು. ನಾನು ಎದ್ದು ಕೂರುತ್ತಿದ್ದೇನೆ ಅನ್ನೋದನ್ನು ಮೊದಲು ಗಮನಿಸಿದ್ದು ಅವ್ವ.

ಹುರುಪು ಜಾಸ್ತಿಯಾಗಿ ತಪ್ಪು ಮಾಡಿದೆ. ಹೊಲದ ಎರೆಮಣ್ಣು ತಂದು ಕುಂಡಕ್ಕೆ ತುಂಬಿ, ಗಿಡ ನೆಟ್ಟು, ಎರಡು ಹೊತ್ತು ನೀರು ಹಾಕಿದೆ. ತೊಗರಿಗೆ ಅದು ಬಂಗಾರದಂಥ ಮಣ್ಣು. ಕುಂಡದಲ್ಲಿ ಮಾತ್ರ ನೀರು ಬಿಡದೆ ಅಂಟಾಗುತ್ತದೆ. ಎಲೆ ಹಳದಿಯಾದಾಗ ಬಾಯಾರಿರಬೇಕು ಅಂತ ಇನ್ನಷ್ಟು ಸುರಿದೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಅಪ್ಪನನ್ನೂ ಉಳಿಸಿಕೊಳ್ಳಲಿಲ್ಲ, ಇದನ್ನೂ ಉಳಿಸಿಕೊಳ್ಳಲಿಲ್ಲ ಅಂತ ಬಚ್ಚಲಲ್ಲಿ ಕೂತು ಅತ್ತೆ. ಗಿಡ ಬೆಳೆಸಿದರೆ ಮನಸ್ಸು ಹಗುರಾಗುತ್ತದೆ ಅನ್ನೋರು ಈ ಮಾತು ಹೇಳೋದಿಲ್ಲ, ಅಲ್ವಾ?

ನರ್ಸರಿ ಕಾಕಾ ನಕ್ಕುಬಿಟ್ಟರು. "ಉಪವಾಸ ಸತ್ತಿಲ್ಲ ತಮ್ಮಾ. ಉಣಿಸಿ ಉಣಿಸಿ ಕೊಂದೀದಿ."

ಅವರು ಹೇಳಿದಂತೆ ಬೀದರ್ ಕಡೆಯ ಕೆಂಪುಮಣ್ಣು ಎರಡು ಪಾಲು, ಮರಳು ಒಂದು, ಹಳೇ ಹೆಂಡಿಗೊಬ್ಬರ ಒಂದು ಪಾಲು ಕಲಸಿದೆ. ಕುಂಡದ ತಳಕ್ಕೆ ತೂತು ಬೇಕೇ ಬೇಕು. ಬೆರಳನ್ನು ಒಂದು ಗೆರೆ ಆಳ ಇಳಿಸಿ ನೋಡಬೇಕು, ಮಣ್ಣು ತಣ್ಣಗೆ ಹತ್ತಿದರೆ ಆ ದಿನ ನೀರಿಲ್ಲ. ಏನೂ ಮಾಡದೆ ಬಿಡೋದೂ ಆರೈಕೆಯೇ ಅಂತ ಒಪ್ಪಿಕೊಳ್ಳೋಕೆ ನನಗೆ ಬಹಳ ದಿನ ಹಿಡಿಯಿತು. ಮಾತ್ರೆ ಮರೆಯುತ್ತಿದ್ದೆ, ಹಾಗಾಗಿ ಮಾತ್ರೆ ಹಾಳೆಯನ್ನೂ ಕುಂಡದ ಮೇಲಿನ ಗೂಡಿನಲ್ಲೇ ಇಟ್ಟೆ. ಬೆರಳು ಒರೆಸಿಕೊಂಡು ಮಾತ್ರೆ ನುಂಗೋದು.

ಮನೆಯ ಗಾಳಿ ಶುದ್ಧ ಮಾಡುತ್ತದೆ ಅನ್ನೋ ಮಾತು ನಂಬಿ ಯಾರೂ ಗಿಡ ಕೊಳ್ಳಬೇಡಿ. ಆ ಮಾತಿಗೆ ಆಧಾರ ಅಂತ ತೋರಿಸೋ 1989ರ ನಾಸಾ ಪ್ರಯೋಗ ನಡೆದಿದ್ದು ಗಾಳಿಯಾಡದ ಪೆಟ್ಟಿಗೆಯೊಳಗೆ, ಕಿಟಕಿ ಬಾಗಿಲಿರೋ ಮನೆಯಲ್ಲಲ್ಲ. ಒಂದೇ ಗಿಡದಿಂದ ಶುರು ಮಾಡಿ, ಸ್ನೇಕ್ ಪ್ಲಾಂಟ್ ಆದರೆ ಎರಡು ವಾರ ಮರೆತರೂ ಬೈಯೋದಿಲ್ಲ. ಬದುಕೇ ಬೇಡ ಅನ್ನಿಸೋ ರಾತ್ರಿಗೆ ಮಾತ್ರ ಗಿಡ ಸಾಲದು. ಅಂಥ ಒಂದು ರಾತ್ರಿ ನಾನು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು.

ಈಗ ಮಧ್ಯಾಹ್ನದವರೆಗೆ ಮಿಲ್ಲಿಗೆ ಹೋಗುತ್ತಿದ್ದೇನೆ. ಮೇ ತಿಂಗಳು, ಮಾಳಿಗೆ ಮೇಲಿನ ಫರ್ಸಿ ಕಲ್ಲಿಗೆ ಕಾಲಿಡೋ ಹಾಗಿಲ್ಲ. ಏಳು ಕುಂಡಗಳನ್ನೂ ಬಚ್ಚಲು ಕಿಟಕಿ ಕೆಳಗೆ ಇಳಿಸಿದ್ದೇನೆ. ಸ್ನಾನಕ್ಕೆ ಹೋದವರೆಲ್ಲ ಬೈದುಕೊಂಡೇ ಹೊರಗೆ ಬರುತ್ತಾರೆ.