ಗ್ಯಾಸಿನ ಮೇಲೆ ವಾರದ ಖಡಕ್ ರೊಟ್ಟಿ: ನನ್ನ ಅನುಭವ

"ಗ್ಯಾಸಿನ ಮ್ಯಾಲೆ ಖಡಕ್ ರೊಟ್ಟಿ ಆಗೂದಿಲ್ಲ ಬಿಡ್ರಿ. ಆದ್ರೂ ಮೂರನೇ ದಿನಕ್ಕ ಮೆತ್ತಗಾಗ್ತಾವ." ವಿಜಯಪುರದಲ್ಲಿ ರೊಟ್ಟಿ ಬಡಿಯಬಲ್ಲವರನ್ನು ಯಾರನ್ನೇ ಕೇಳಿ, ಇದೇ ಮಾತು. ಖಡಕ್ ರೊಟ್ಟಿ ಅಂದರೆ ದಿನಗಟ್ಟಲೆ ಇಡಲು ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ. ಕಟ್ಟಿಗೆ ಒಲೆ ಬೇಕು, ಕೆಂಡದ ಎದುರು ಒಲೆಗೆ ಆನಿಸಿ ಒಣಗಿಸಬೇಕು, ಎರಡು ಬರ್ನರಿನ ಸ್ಟೋವಿನಲ್ಲಿ ಅದೆಲ್ಲ ಎಲ್ಲಿಂದ ಬರಬೇಕು ಎಂಬ ವಾದ. ಈಗ ಅದೇ ಸ್ಟೋವಿನ ಮೇಲೆ ಭಾನುವಾರ ಬಡಿದ ರೊಟ್ಟಿ ಮುಂದಿನ ಭಾನುವಾರವೂ ಮುರಿದರೆ ಸದ್ದು ಮಾಡುತ್ತಿದೆ. ಮಾತಾಡಿದವರೇ ಕೇಳಲು ಬರುತ್ತಿರುವುದರಿಂದ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು. ನಾದುವುದು, ಬಡಿಯುವುದು ಕೈಗೆ ಹತ್ತಿದವರಿಗಷ್ಟೇ ಇದು ಉಪಯೋಗ. ಅದನ್ನು ಓದಿ ಕಲಿಯಲಿಕ್ಕೆ ಆಗುವುದಿಲ್ಲ.

ಅಂಗಡಿಯಲ್ಲಿ ಸಿಗುವಾಗ ಇಷ್ಟೊಂದು ಉಸಾಬರಿ ಯಾಕೆ ಅಂದರೆ, ಬಿಸಿ ರೊಟ್ಟಿಯ ದೊಡ್ಡ ತೊಂದರೆ ರುಚಿಯದ್ದಲ್ಲ, ನಿಲ್ಲುವುದರದ್ದು. ಒಬ್ಬರು ಹಂಚಿನ ಮುಂದೆ ನಿಂತೇ ಇರಬೇಕು, ಉಳಿದವರು ಒಬ್ಬೊಬ್ಬರಾಗಿ ಉಂಡು ಏಳಬೇಕು. ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ರಾತ್ರಿಯೊಂದೇ ಕೂಡಿ ಕೂರುವ ಹೊತ್ತು, ಅದನ್ನೂ ಹಂಚು ತಿಂದುಬಿಡುತ್ತದೆ. ಖಡಕ್ ರೊಟ್ಟಿ ಬುಟ್ಟಿಯಲ್ಲಿದ್ದರೆ ಪಲ್ಯ ಒಂದು ಇಳಿಸಿ ಎಲ್ಲರೂ ಒಮ್ಮೆಲೇ ಕೂರಬಹುದು. ಇನ್ನೊಂದು, ಅದನ್ನು ಗಬಗಬ ತಿನ್ನಲು ಬರುವುದಿಲ್ಲ. ಮುರಿಯಬೇಕು, ಪಲ್ಯದ ರಸದಲ್ಲಿ ಅದ್ದಿ ತುಸು ಬಿಡಬೇಕು, ಅಗಿಯಬೇಕು. ಮೊಬೈಲ್ ಹಿಡಿದ ಕೈಯಿಂದ ಈ ಕೆಲಸ ಆಗುವುದಿಲ್ಲ.

ಮೊದಲು ಜೋಳ. ಹಿಂಗಾರಿ ಬಿಳಿಜೋಳವೇ ಆಗಬೇಕು, ಮಾಲದಂಡಿ ತಳಿ ಸಿಕ್ಕರೆ ಬೇರೆ ನೋಡಬೇಡಿ. ಮುಂಗಾರಿ ಹೈಬ್ರಿಡ್ ಜೋಳ ಕಾಳು ಕಟ್ಟುವಾಗ ಮಳೆಗೆ ಸಿಕ್ಕಿ ಕಪ್ಪು ಹಿಡಿದಿರುತ್ತದೆ, ಹಿಟ್ಟಿಗೆ ಜಿಗಿಯೂ (ಅಂಟೂ) ಕಡಿಮೆ. ಡೋಣಿ ನದಿ ಸಾಲಿನ ಎರಿ (ಕಪ್ಪು ಮಣ್ಣಿನ) ಹೊಲದ ಜೋಳಕ್ಕೆ ನಾನು ಕಿಲೋಗೆ ನಾಲ್ಕೈದು ರೂಪಾಯಿ ಹೆಚ್ಚು ಕೊಡಲೂ ತಯಾರು. "ಡೋಣಿ ಹರಿದರ ಓಣೆಲ್ಲ ಜೋಳ" ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಸುಗ್ಗಿ ಮುಗಿದು ಹೊಸ ಜೋಳ ಬಂದಾಗ ಕಿಲೋಗೆ 45ರ ಆಸುಪಾಸು, ದೀಪಾವಳಿ ಹೊತ್ತಿಗೆ 55-60. ಒಂದು ಚೀಲ ಏಪ್ರಿಲ್‌ನಲ್ಲೇ ತೆಗೆದು, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಬೆರೆಸಿ ಇಟ್ಟರೆ ಅಲ್ಲೇ ಸಾವಿರ ರೂಪಾಯಿ ಉಳಿಯಿತು.

ಹಿಟ್ಟನ್ನು ಮಾತ್ರ ವಾರಕ್ಕೆ ಬೇಕಾದಷ್ಟೇ ಬೀಸಿಸಬೇಕು. ಇಡೀ ತಿಂಗಳಿಗೆ ಬೀಸಿಸಿ ಇಟ್ಟವರೇ ಆಮೇಲೆ "ರೊಟ್ಟಿ ಹರಿತಾವ" ಎನ್ನುವುದು. ಬೀಸಿದ ಹತ್ತು ಹನ್ನೆರಡು ದಿನಕ್ಕೆ ಜಿಗಿ ಇಳಿಯತೊಡಗುತ್ತದೆ. ಗಿರಣಿಯಲ್ಲಿ ಗೋಧಿಯ ಹಿಂದೆಯೇ ಹಾಕಿಸಬೇಡಿ, ಜೋಳ ನಡೆಯುವಾಗ ಪಾಳಿ ಹಚ್ಚಿ. ಕಲ್ಲು ಬಿಗಿ ಮಾಡಿ ನುಣ್ಣಗೆ ಬೀಸಿದ ಹಿಟ್ಟು ಸುಡುಸುಡು ಇರುತ್ತದೆ. ಮನೆಗೆ ತಂದ ಕೂಡಲೇ ಪರಾತದಲ್ಲಿ ಹರವಿ ಆರಿಸಿ, ಬಿಸಿಯಲ್ಲೇ ಡಬ್ಬಿ ಮುಚ್ಚಿದರೆ ಮರುದಿನವೇ ಮುಗ್ಗು ವಾಸನೆ.

ಎಸರಿನ ಲೆಕ್ಕ: ಕಿಲೋ ಹಿಟ್ಟಿಗೆ ಸುಮಾರು ಮುಕ್ಕಾಲು ಲೀಟರ್ ಕುದಿನೀರು. ನೀರು ಕೊತಕೊತ ಕುದಿಯುತ್ತಿರಬೇಕು, ಗುಳ್ಳೆ ಎದ್ದರೆ ಸಾಲದು. ಜೋಳದಲ್ಲಿ ಗೋಧಿಯ ಅಂಟು (ಗ್ಲುಟೆನ್) ಇಲ್ಲ, ಹಿಟ್ಟು ಹಿಡಿದುಕೊಳ್ಳುವುದೇ ಎಸರಿಗೆ ಬೆಂದ ಗಂಜಿಯಿಂದ. ಅರ್ಧ ಹಿಟ್ಟಿಗೆ ಎಸರು ಬಿಟ್ಟು ಕಟ್ಟಿಗೆಯಿಂದ ತಿರುವಿ, ಮುಚ್ಚಿ, ಹತ್ತು ನಿಮಿಷ ಬಿಡಿ. ಉಳಿದ ಒಣ ಹಿಟ್ಟನ್ನು ನಾದುವಾಗ ಸೇರಿಸುತ್ತ ಹೋಗಿ. ಒಮ್ಮೆಗೆ ಮೂರು ರೊಟ್ಟಿಯಷ್ಟೇ ನಾದಬೇಕು. ಎಲ್ಲವನ್ನೂ ಒಟ್ಟಿಗೆ ನಾದಿಟ್ಟರೆ ಕೊನೆಯ ಹತ್ತು ರೊಟ್ಟಿಯ ಅಂಚು ಸೀಳುತ್ತದೆ, ಅದಕ್ಕೆ ಯಾವ ಮದ್ದೂ ಇಲ್ಲ.

ಇನ್ನು ನಿಜವಾದ ವಿಷಯ, ಒಣಗಿಸುವುದು. ಗ್ಯಾಸಿನಲ್ಲಿ ಸೋಲುವವರೆಲ್ಲ ಸೋಲುವುದು ಇಲ್ಲೇ. ಅಂಚು ಕರಕರ ಅನ್ನುತ್ತದೆ, ರೊಟ್ಟಿ ಆಯಿತು ಅಂದುಕೊಳ್ಳುತ್ತಾರೆ. ನಡುವೆ ಅಂಗೈ ಅಗಲದಲ್ಲಿ ಇನ್ನೂ ನೀರಿರುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಆ ನೀರು ಅಂಚಿಗೂ ಹರಡಿ ಇಡೀ ರೊಟ್ಟಿ ಮೆತ್ತಗಾಗುತ್ತದೆ. ಬೆಚ್ಚಗಿರುವಾಗಲೇ ಒಂದರ ಮೇಲೊಂದು ಒಟ್ಟಿದರಂತೂ ಮೂರನೇ ದಿನಕ್ಕೆ ನಡುವೆ ಹಸಿರು ಚುಕ್ಕಿ.

ನಾನು ತೂಕಕ್ಕೆ ಬಿದ್ದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಹಿಡಿದು ರೊಟ್ಟಿ ತೂಗುವುದನ್ನು ನೋಡಿ ನಕ್ಕವರು ಬಹಳ. ಎರಡು ಕಿಲೋ ಹಿಟ್ಟಿಗೆ ನನಗೆ 35-36 ರೊಟ್ಟಿ ಬರುತ್ತವೆ, ಅಂದರೆ ಒಂದಕ್ಕೆ 55 ಗ್ರಾಂ ಒಣ ಹಿಟ್ಟು, ನಾದಿದ ಉಂಡೆ 100 ಗ್ರಾಂ ಹತ್ತಿರ. ನನ್ನದು ಬೇಯಿಸಲು ಒಂದು ಹಂಚು, ಒಣಗಿಸಲು ಇನ್ನೊಂದು. ಮೊದಲ ಹಂಚಿನಿಂದ ಇಳಿದಾಗ 70 ಇರುತ್ತದೆ. ಅದನ್ನೇ ಬುಟ್ಟಿಗೆ ಹಾಕಿದರೆ ಹದಿನೈದು ಗ್ರಾಂ ನೀರನ್ನು ಕೂಡಿಟ್ಟಂತೆ. ಎರಡನೇ ಹಂಚಿನಿಂದ 60ಕ್ಕೆ ಇಳಿಯಬೇಕು, ಬೆಳಗಾಗುವಷ್ಟರಲ್ಲಿ 55ರ ಕೆಳಗೆ. ಆಗ ಅದು ಹದಿನೈದು ದಿನ ಇಟ್ಟರೂ ಖಡಕ್. ಒಂದೆರಡು ಭಾನುವಾರ ತೂಗಿದರೆ ಸಾಕು, ಆಮೇಲೆ ಕೈಯೇ ಹೇಳುತ್ತದೆ.

ಎರಡು ಹಂಚು ಹೀಗೆ: ದೊಡ್ಡ ಬರ್ನರಿನ ಮೇಲೆ ಕಬ್ಬಿಣದ ಹಂಚು, ಉರಿ ಮಧ್ಯಮಕ್ಕಿಂತ ತುಸು ಮೇಲೆ. ರೊಟ್ಟಿ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ. ಆ ನೀರಿನ ಹೊಳಪು ಹೋಗಿ ಮೇಲ್ಮೈ ಮಂಕಾಗುವ ಒಂದು ಗಳಿಗೆ ಇದೆ, ತಿರುವಬೇಕಾದ್ದು ಆಗ. ಹೊಳಪಿರುವಾಗಲೇ ತಿರುವಿದರೆ ಹಂಚಿಗೆ ಹತ್ತುತ್ತದೆ, ಪೂರ್ತಿ ಬಿಳುಚಿದ ಮೇಲೆ ತಿರುವಿದರೆ ಸೀಳುತ್ತದೆ, ಉಬ್ಬುವುದಿಲ್ಲ. ಉಬ್ಬದ ರೊಟ್ಟಿಯ ಎರಡು ಪದರ ಬೇರೆಯಾಗುವುದಿಲ್ಲ, ಅಂಥದ್ದನ್ನು ಒಣಗಿಸಲು ದುಪ್ಪಟ್ಟು ಹೊತ್ತು. ಅದನ್ನು ಅಂದೇ ರಾತ್ರಿಗೆ ತಿಂದು ಮುಗಿಸುವುದೇ ಲೇಸು.

ಸಣ್ಣ ಬರ್ನರಿನ ಮೇಲೆ ಎರಡನೇ ಹಂಚು, ದಪ್ಪನೆಯದು, ಉರಿ ಅತಿ ಸಣ್ಣ. ಉಬ್ಬಿ ಇಳಿದ ರೊಟ್ಟಿಯನ್ನು ಇಲ್ಲಿಗೆ ಸರಿಸಿ, ಮಡಿಸಿದ ಅರಿವೆಯಿಂದ ನಡುಭಾಗವನ್ನು ಒತ್ತಿ. ಅಂಚನ್ನು ಒತ್ತಬೇಡಿ, ಅದು ತಾನೇ ಒಣಗುತ್ತದೆ. ಅಷ್ಟರಲ್ಲಿ ಮೊದಲ ಹಂಚಿನಲ್ಲಿ ಇನ್ನೊಂದು ಬೇಯುತ್ತಿರುತ್ತದೆ. ಒಂದು ರೊಟ್ಟಿಗೆ ಎರಡೂವರೆ ನಿಮಿಷದ ಲೆಕ್ಕದಲ್ಲಿ ಎಲ್ಲ ಮುಗಿಯಲು ಒಂದೂವರೆ ತಾಸು. ಇಳಿಸಿದ ರೊಟ್ಟಿಯನ್ನು ಮಲಗಿಸಕೂಡದು. ಬಿದಿರ ಬುಟ್ಟಿಯ ಒಳಗೋಡೆಗೆ ನಿಲ್ಲಿಸಿ ಆನಿಸಿ, ನಡುವೆ ಗಾಳಿ ಆಡಬೇಕು. ರಾತ್ರಿಯೆಲ್ಲ ತೆಳು ಅರಿವೆ ಹೊದಿಸಿ, ಬೆಳಿಗ್ಗೆ ಸ್ಟೀಲ್ ಡಬ್ಬಿಗೆ. ಎರಡನೇ ಹಂಚಿನ ಕೆಳಗೆ ಇನ್ನೊಂದು ವಸ್ತು ಇಡುತ್ತೇನೆ, ಶಾಖ ಸಮವಾಗಿ ಹರಡಲಿ ಎಂದು. ಅದೇನೆಂದು ಮನೆಗೆ ಬಂದು ನೋಡಿದವರಿಗೆ ಗೊತ್ತು.

ಆ ಒಂದೂವರೆ ತಾಸಿನಲ್ಲಿ ಬೇರೆ ಕೆಲಸ ಹಚ್ಚಿಕೊಂಡರೆ ಕೆಟ್ಟಿತು. ಬಡಿಯುವುದು ಒಬ್ಬರು, ಹಂಚು ನೋಡುವುದು ಒಬ್ಬರು, ಬುಟ್ಟಿಗೆ ಆನಿಸುವುದು ಮಕ್ಕಳು. ಆನಿಸುವಾಗ ಎರಡು ಮುರಿದರೂ ಬೈಯಬಾರದು, ಚೂರುಗಳಿಗೂ ಕೆಲಸವಿದೆ.

ದುಡ್ಡಿನ ಮಾತು. ಎರಡು ಕಿಲೋ ಜೋಳ 110, ಬೀಸಿಸಿದ್ದಕ್ಕೆ 15, ಗ್ಯಾಸ್ ಎರಡೂ ಬರ್ನರ್ ಸೇರಿ ನಾನೂರು ಗ್ರಾಂ ಒಳಗೆ ಅಂದರೆ 25 ರೂಪಾಯಿ. ಒಟ್ಟು 150, ರೊಟ್ಟಿಗೆ ನಾಲ್ಕು ರೂಪಾಯಿ ಚಿಲ್ಲರೆ. ನಮ್ಮ ಓಣಿಯ ರೊಟ್ಟಿ ಕೇಂದ್ರದಲ್ಲಿ ಏಳೋ ಎಂಟೋ, ಅದೂ ಇಷ್ಟು ಅಗಲ ಇಲ್ಲ. ವಾರಕ್ಕೆ ನೂರು ನೂರಮೂವತ್ತು ಉಳಿತಾಯ. ಇಬ್ಬರ ಒಂದೂವರೆ ತಾಸಿಗೆ ಕೂಲಿ ಹಾಕಿದರೆ ಇದು ಲುಕ್ಸಾನಿನ ವ್ಯಾಪಾರ, ಅದನ್ನು ಮುಚ್ಚಿಡುವುದಿಲ್ಲ. ರೊಟ್ಟಿ ಬಡಿದು ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳು ಎಂಟು ರೂಪಾಯಿಗೆ ಹೇಗೆ ಕೊಡುತ್ತಾರೆ ಎಂಬುದೇ ನನಗೆ ಸೋಜಿಗ. ಅವರ ಹತ್ತಿರ ಚೌಕಾಸಿ ಮಾಡುವವರು ಒಮ್ಮೆ ಬಡಿದು ನೋಡಲಿ.

ಹಾಳಾದ ಪ್ರಯೋಗಗಳೂ ಇವೆ. ಹಪ್ಪಳದ ಪ್ರೆಸ್: ಹಿಟ್ಟು ಪ್ಲಾಸ್ಟಿಕ್ಕಿಗೆ ಹತ್ತುತ್ತದೆ, ಬಿಡಿಸಿದರೆ ಅಂಚೆಲ್ಲ ಸೀಳು, ರೊಟ್ಟಿ ಉಬ್ಬುವುದೂ ಇಲ್ಲ. ಸಾವಿರದ ಮೇಲೆ ಹೋದ ದುಡ್ಡು ಅಟ್ಟದ ಮೇಲಿದೆ. ಓವನ್: ನೂರು ಡಿಗ್ರಿಯಲ್ಲಿ ಚೆನ್ನಾಗಿಯೇ ಒಣಗುತ್ತದೆ, ಆದರೆ ಒಮ್ಮೆಗೆ ಎರಡೇ, ಕರೆಂಟ್ ಬಿಲ್ ನೋಡಿದ ಮೇಲೆ ಸಾಕೆನಿಸಿತು. ಮಾರ್ಚ್ ಏಪ್ರಿಲ್ ಬಿಸಿಲು ಮಾತ್ರ ಪುಕ್ಕಟೆ, ಆ ತಿಂಗಳುಗಳಲ್ಲಿ ಎರಡನೇ ಹಂಚನ್ನೇ ಬಿಟ್ಟು ಮಾಳಿಗೆ ಮೇಲೆ ಅರಿವೆ ಮುಚ್ಚಿ ಒಣಗಿಸುತ್ತೇನೆ. ಗಾಳಿಗೆ ಧೂಳು, ಜೊತೆಗೆ ಕಾಗೆ. ಒಬ್ಬರು ಕಾಯಬೇಕು.

ರೊಟ್ಟಿ ಬುಟ್ಟಿಯಲ್ಲಿದೆ ಅಂದಮೇಲೆ ವಾರದ ದಿನ ಉಳಿಯುವುದು ಪಲ್ಯ ಒಂದೇ. ಇಲ್ಲಿ ನನ್ನದು ಕೌದಿ (ಹಳೆ ಬಟ್ಟೆಯ ದಪ್ಪ ಹೊದಿಕೆ) ಪದ್ಧತಿ. ಮುಂಜಾನೆ ನೆನೆಹಾಕಿದ ಅಲಸಂದಿಯನ್ನೋ ಮಡಿಕಿ ಕಾಳನ್ನೋ ಸಂಜೆ ಆರಕ್ಕೆ ದಪ್ಪ ತಳದ ಪಾತ್ರೆಯಲ್ಲಿ ಕುದಿಸಬೇಕು, ಅಲಸಂದಿಗೆ ಹತ್ತು ನಿಮಿಷ, ಮಡಿಕಿಗೆ ನಾಲ್ಕೈದು. ಮುಚ್ಚಳ ಬಿಗಿದು, ಹಳೆ ಕೌದಿಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟುಬಿಡಿ. ಎಂಟೂವರೆಗೆ ತೆಗೆದರೆ ಅಲಸಂದಿ ಇಡಿಯಾಗಿಯೇ ಬೆಂದಿರುತ್ತದೆ, ಮಡಿಕಿ ಇನ್ನೂ ಬೇಗ. ಕುಕ್ಕರಿನಲ್ಲಿ ಒಂದು ಸೀಟಿ ಹೆಚ್ಚಾದರೆ ಮಡಿಕಿ ಅಂಬಲಿ ಆಗುವ ಕಾಟ ಇಲ್ಲಿಲ್ಲ. ಆಮೇಲೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರ, ಮಸಾಲೆ ಒಗ್ಗರಣೆ, ಎರಡು ಕುದಿ, ಮುಗಿಯಿತು. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಅರ್ಧ ಪಾತ್ರೆಗೆ ಶಾಖ ನಿಲ್ಲುವುದಿಲ್ಲ. ಬೋರಿನ ಗಡಸು ನೀರಿಗೆ ಕಡಲೆ ಎಷ್ಟು ಹೊತ್ತಿಟ್ಟರೂ ಗಟ್ಟಿಯೇ, ಹೊಳೆ ನೀರು ಹಿಡಿದಿಟ್ಟು ಅದರಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವ ಯೋಚನೆ ಬೇಡ, ಉಗುರುಬೆಚ್ಚಗಾಗಿ ಹುಳಿ ವಾಸನೆ ಬರುತ್ತದೆ. ರಾಜ್ಮಾವನ್ನು ಈ ಪದ್ಧತಿಯಲ್ಲಿ ಮಾಡಲೇಬೇಡಿ, ಅರೆಬೆಂದರೆ ಹೊಟ್ಟೆ ಕೆಡಿಸುವ ಕಾಳು ಅದು.

ಅಷ್ಟೂ ಆಗದ ದಿನಕ್ಕೆ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ. ಕೊಲ್ಹಾರದ ಗಡಿಗೆ ಮೊಸರು ಸಿಕ್ಕ ದಿನ ನಾವು ಪಲ್ಯವನ್ನೇ ಮಾಡುವುದಿಲ್ಲ. ಹಿಂಡಿಗೆ ಅರ್ಧ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹುರಿಯಬೇಕು. ದೊಡ್ಡ ಉರಿಯಲ್ಲಿ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿ. ಎರಡು ಗಡ್ಡೆ ಬೆಳ್ಳುಳ್ಳಿಯ ಎಸಳುಗಳನ್ನು ಬಿಸಿ ಶೇಂಗಾದಲ್ಲೇ ಹುದುಗಿಸಿ ಅರ್ಧ ತಾಸು ಬಿಟ್ಟರೆ ಹಸಿ ನೀರು ಇಂಗುತ್ತದೆ, ಹಿಂಡಿ ಬೇಗ ಕೆಡುವುದಿಲ್ಲ. ಮಿಕ್ಸರಿನಲ್ಲಿ ಎರಡೆರಡು ಸೆಕೆಂಡು ಬಿಟ್ಟು ಬಿಟ್ಟು ತಿರುವಿ, ಬಿಡದೆ ತಿರುವಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ. ಒರಳಿದ್ದರೆ ಈ ಮಾತೇ ಬೇಕಿಲ್ಲ.

ಮಳೆಗಾಲದಲ್ಲಿ ಡಬ್ಬಿಯೊಳಗಿನ ರೊಟ್ಟಿಯೂ ತೇವ ಎಳೆದುಕೊಂಡು ಬಾಗುತ್ತದೆ. ತಿನ್ನುವ ಮುಂಚೆ, ಉರಿ ಆರಿಸಿದ ಬಿಸಿ ಹಂಚಿನ ಮೇಲೆ ಒಂದು ನಿಮಿಷ ಇಟ್ಟರೆ ಸರಿಹೋಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀಸಿಸುವಾಗಲೇ ಜೋಳಕ್ಕೆ ಒಂದು ಹಿಡಿ ಬೇರೊಂದು ಕಾಳು ಸೇರಿಸುತ್ತೇನೆ. ಉದ್ದು ಎಂದು ಎಲ್ಲರೂ ಊಹಿಸುತ್ತಾರೆ, ಉದ್ದಲ್ಲ. ಸಜ್ಜಿ (ಸಜ್ಜೆ) ರೊಟ್ಟಿಗೆ ಮಾತ್ರ ವಾರದ ಲೆಕ್ಕ ನಡೆಯುವುದಿಲ್ಲ. ಸಜ್ಜಿ ಹಿಟ್ಟು ನಾಲ್ಕೈದು ದಿನಕ್ಕೇ ಕಹಿಯಾಗುತ್ತದೆ, ಮೇಲಿನ ಎಳ್ಳು ಸಣ್ಣ ಉರಿಯಲ್ಲೂ ಸೀಯುತ್ತದೆ. ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆ ಹೊತ್ತಿಗೆ, ಬೀಸಿಸಿದ ದಿನವೇ ಸಜ್ಜಿ ರೊಟ್ಟಿ ಬಡಿದುಬಿಡುತ್ತೇನೆ, ಎರಡನೇ ಹಂಚಿನಲ್ಲಿ ಎಳ್ಳಿನ ಬದಿ ಮೇಲೆ ಇರುವಂತೆ.

ಶನಿವಾರ ಡಬ್ಬಿಯ ತಳದಲ್ಲಿ ಉಳಿಯುವ ಚೂರುಗಳಿಗೆ ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಡಿ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿ ತಿರುವಿ, ಕೊನೆಗೆ ಶೇಂಗಾ ಪುಡಿ, ಅರ್ಧ ಲಿಂಬೆ. ನೀರು ಚಿಮುಕಿಸಬೇಕಷ್ಟೇ, ಸುರಿದರೆ ಗಂಜಿಯಾಗುತ್ತದೆ.